ಸವಾನಾ ಗುಬ್ಬಿ ಮತ್ತು ನಿಜವಾದ ಉತ್ತರ ದಿಕ್ಕು

ಹಳೆಯ ಐದು ರೂಪಾಯಿಯ ದಪ್ಪ ನಾಣ್ಯಗಳೆರಡನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅವು 18 ಗ್ರಾಂ ತೂಗುತ್ತವೆ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಬೇಸಿಗೆ ಕಳೆಯುವ ಸವಾನಾ ಗುಬ್ಬಿಯ ತೂಕವೂ ಹೆಚ್ಚುಕಡಿಮೆ ಇಷ್ಟೇ. ಜೂನ್ ತಿಂಗಳಲ್ಲಿ ಅಲಾಸ್ಕಾದಲ್ಲೋ ಕೆನಡಾದಲ್ಲೋ ಮೊಟ್ಟೆಯೊಡೆದು ಬಂದ ಮರಿ, ಮೂರು ತಿಂಗಳು ತುಂಬುವಷ್ಟರಲ್ಲಿ ರಾತ್ರಿಯ ಹೊತ್ತು ದಕ್ಷಿಣದತ್ತ ಹಾರತೊಡಗುತ್ತದೆ. ಹಿಂದೆ ಒಮ್ಮೆಯೂ ಹೋಗದ ಊರಿಗೆ, ಸಾವಿರಾರು ಕಿಲೊಮೀಟರ್ ಪಯಣ. ಅದಕ್ಕೆ ದಕ್ಷಿಣ ಯಾವ ಕಡೆಗಿದೆ ಎಂದು ತಿಳಿಯುವುದು ಹೇಗೆ?

ಭೂಮಿಯ ಕಾಂತಕ್ಷೇತ್ರದ ನೆರವಿನಿಂದ ಎಂದು ನಿಮ್ಮ ವಿದ್ಯಾರ್ಥಿ ಥಟ್ಟನೆ ಹೇಳಬಹುದು. ಆ ಉತ್ತರ ತಪ್ಪಲ್ಲ; ಆದರೆ ಸಾಲದು. ಕಾಂತಸೂಚಿ ನಿಜವಾದ ಉತ್ತರವನ್ನು ತೋರಿಸುವುದಿಲ್ಲ ಎಂದು ನಾವೇ ಪಾಠ ಹೇಳುತ್ತೇವೆ. ಹಾಗಾದರೆ ಹಕ್ಕಿಯ ಕಾಂತಸೂಚಿಯ ದೋಷವನ್ನು ತಿದ್ದುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ಜೀವವಿಜ್ಞಾನಿಗಳು ಮತ್ತೆ ಮತ್ತೆ ಆರಿಸಿಕೊಂಡ ಹಕ್ಕಿ ಇದು. ನಾನು ಪಕ್ಷಿತಜ್ಞನಲ್ಲ, ಭೌತವಿಜ್ಞಾನದ ಅಧ್ಯಾಪಕ. ಕಾಂತೀಯ ದಿಕ್ಪಾತವನ್ನು ಎಷ್ಟೋ ವರ್ಷ ಎರಡು ಅಂಕದ ಪ್ರಶ್ನೆಯಾಗಿಯೇ ಕಲಿಸಿ ಮುಗಿಸಿದವನು. ಸವಾನಾ ಗುಬ್ಬಿಯ ಮೇಲೆ ನಡೆದ ಪ್ರಯೋಗಗಳನ್ನು ಓದಿದ ಮೇಲೆ ಆ ಪಾಠಕ್ಕೆ ಒಂದು ಇಡೀ ತರಗತಿ ಮೀಸಲಿಡತೊಡಗಿದೆ. ಆ ಪ್ರಯೋಗಗಳ ಕಡೆಗೆ ಹೋಗುವ ಮೊದಲು ಹಕ್ಕಿಯ ಪರಿಚಯ ಆಗಬೇಕು.

ಹೆಸರು ಮತ್ತು ಗುರುತು

ಸವಾನಾ ಎಂದೊಡನೆ ಆಫ್ರಿಕದ ವಿಶಾಲ ಹುಲ್ಲುಬಯಲು ನೆನಪಾಗುತ್ತದೆ. ಈ ಹಕ್ಕಿಯ ಹೆಸರಿಗೆ ಅದು ಕಾರಣವಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸವಾನಾ ಎಂಬ ಪಟ್ಟಣವಿದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅಲೆಕ್ಸಾಂಡರ್ ವಿಲ್ಸನ್ ಅಲ್ಲಿ ಸಿಕ್ಕ ಹಕ್ಕಿಗಳನ್ನು ನೋಡಿ 1811ರಲ್ಲಿ ಈ ಹೆಸರು ಕೊಟ್ಟ. ಹಕ್ಕಿ ಹುಲ್ಲುಗಾವಲಿನದೇ ಆದ್ದರಿಂದ ತಪ್ಪು ಕಾರಣದಿಂದ ಸರಿಯಾದ ಹೆಸರು ಬಂದಂತಾಯಿತು. ವೈಜ್ಞಾನಿಕ ಹೆಸರು ಪ್ಯಾಸರ್‌ಕ್ಯುಲಸ್ ಸ್ಯಾಂಡ್‌ವಿಚೆನ್ಸಿಸ್. ಇದಕ್ಕೂ ನಾವು ತಿನ್ನುವ ಸ್ಯಾಂಡ್‌ವಿಚ್‌ಗೂ ಸಂಬಂಧ ಕಲ್ಪಿಸಬೇಡಿ. 1789ರಲ್ಲಿ ಗ್ಮೆಲಿನ್ ಈ ಹೆಸರಿಟ್ಟಾಗ ಅವನ ಮುಂದಿದ್ದುದು ಅಲಾಸ್ಕಾದ ಕಡಲತೀರದ ಹಕ್ಕಿಯ ವರ್ಣನೆ.

ಗುಬ್ಬಿ ಎಂಬ ಪದದಲ್ಲಿಯೂ ಎಚ್ಚರ ಬೇಕು. ನಮ್ಮ ಮನೆಗುಬ್ಬಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಅಮೆರಿಕದ ಗುಬ್ಬಿಗಳದ್ದು ಬೇರೆಯೇ ಕುಟುಂಬ. ಅವುಗಳ ಹತ್ತಿರದ ಬಂಧುಗಳು ಬಂಟಿಂಗ್ ಹಕ್ಕಿಗಳು. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ಹಿಂಡುಹಿಂಡಾಗಿ ಇಳಿಯುವ ಹಳದಿ ಎದೆಯ, ಕಪ್ಪು ತಲೆಯ ಬಂಟಿಂಗುಗಳನ್ನು ನೀವು ಕಂಡಿರಬಹುದು. ಮನೆಗುಬ್ಬಿಯಾದರೋ 1850ರ ದಶಕದ ಆರಂಭದಲ್ಲಿ ಮನುಷ್ಯರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ತಂದುಬಿಟ್ಟ ಮೇಲೆ ಅಮೆರಿಕದಲ್ಲಿ ಹರಡಿತು. ಇಂದು ಅಲ್ಲಿಯ ಪೇಟೆಗಳಲ್ಲಿ ಕಾಣುವುದು ಈ ವಲಸಿಗ. ಊರಾಚೆಯ ಹುಲ್ಲಿನಲ್ಲಿ ಸಿಗುವುದು ಸವಾನಾ ಗುಬ್ಬಿಯಂಥ ಮೂಲನಿವಾಸಿ.

ಗುರುತಿಸುವುದು ಸುಲಭವಲ್ಲ. ಅಮೆರಿಕದ ಪಕ್ಷಿವೀಕ್ಷಕರು ಇಂಥ ಹಕ್ಕಿಗಳನ್ನೆಲ್ಲ ಒಟ್ಟುಗೂಡಿಸಿ ಸಣ್ಣ ಕಂದು ಹಕ್ಕಿಗಳು ಎಂದು ಕೈಚೆಲ್ಲುವುದುಂಟು. ಸವಾನಾ ಗುಬ್ಬಿಯ ಉದ್ದ 11ರಿಂದ 15 ಸೆಂಟಿಮೀಟರ್. ಬೆನ್ನಿನ ಮೇಲೆ ಕಂದು, ಕಪ್ಪು ಗೆರೆಗಳು. ಹೊಟ್ಟೆ ಬಿಳಿ, ಎದೆ ಮತ್ತು ಪಕ್ಕೆಗಳಲ್ಲಿ ಪೆನ್ಸಿಲಿನಿಂದ ಎಳೆದಂಥ ತೆಳು ಗೆರೆಗಳು. ಕಾಲು ಗುಲಾಬಿ, ಕೊಕ್ಕು ಪುಟ್ಟದು. ಬಾಲ ಗಿಡ್ಡ, ತುದಿಯಲ್ಲಿ ಸಣ್ಣ ಕಚ್ಚು. ಇಷ್ಟರಲ್ಲಿ ಯಾವ ಒಂದೂ ನಿರ್ಣಾಯಕವಲ್ಲ. ನಿರ್ಣಾಯಕಕ್ಕೆ ಹತ್ತಿರವಾದ ಗುರುತು ಎಂದರೆ ಕಣ್ಣಿನ ಮುಂದೆ, ಹುಬ್ಬಿನ ಆರಂಭದಲ್ಲಿ ಕಾಣುವ ಹಳದಿ ಛಾಯೆ. ಅರಿಸಿನದ ಬೆರಳು ತಾಗಿಸಿದಂತೆ ಅದು ಇರುತ್ತದೆ. ಕೆಲವು ಹಕ್ಕಿಗಳಲ್ಲಿ ಈ ಹಳದಿ ತೀರ ಮಸುಕು. ಆಗ ಬಾಲವನ್ನು ನೋಡಬೇಕು: ಇದನ್ನೇ ಹೋಲುವ ಸಾಂಗ್ ಸ್ಪ್ಯಾರೋ ಹಕ್ಕಿಗೆ ಉದ್ದನೆಯ, ದುಂಡುತುದಿಯ ಬಾಲ ಮತ್ತು ದಪ್ಪ ಗೆರೆಗಳು; ವೆಸ್ಪರ್ ಸ್ಪ್ಯಾರೋ ಹಾರುವಾಗ ಬಾಲದ ಅಂಚಿನ ಬಿಳಿ ಗರಿಗಳು ಮಿಂಚುತ್ತವೆ, ಸವಾನಾದಲ್ಲಿ ಹಾಗೆ ಮಿಂಚುವ ಬಿಳಿಯಿಲ್ಲ. ಒಂದು ಮಾಪನ ಸಂದೇಹಾಸ್ಪದವಾದಾಗ ಸ್ವತಂತ್ರವಾದ ಎರಡನೆಯ ಮಾಪನದಿಂದ ತಾಳೆ ನೋಡುವುದು ಪ್ರಯೋಗಾಲಯದ ಶಿಸ್ತು. ಹಕ್ಕಿಗೂ ಈ ಶಿಸ್ತು ಇದೆ ಎಂಬುದು ಮುಂದೆ ಗೊತ್ತಾಗುತ್ತದೆ.

ನಡವಳಿಕೆಯೂ ಒಂದು ಗುರುತೇ. ಹುಲ್ಲಿನಲ್ಲಿ ನೀವು ನಡೆದು ಬಂದರೆ ಇದು ಥಟ್ಟನೆ ಹಾರದೆ ಇಲಿಯಂತೆ ಬಗ್ಗಿ ಓಡುತ್ತದೆ. ತೀರ ಹತ್ತಿರವಾದರೆ ಮೇಲೆದ್ದು, ತಗ್ಗಿನಲ್ಲಿಯೇ ಸ್ವಲ್ಪ ದೂರ ಹಾರಿ, ಮತ್ತೆ ಹುಲ್ಲಿಗೆ ಬೀಳುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ನಿಮಗಿದ್ದರೆ, ಟೆಕ್ಸಾಸ್ ಅಥವಾ ಕ್ಯಾಲಿಫೋರ್ನಿಯಾದಂಥ ಕಡೆ ಚಳಿಗಾಲದಲ್ಲಿ ಊರ ಹೊರಗಿನ ಗಿಡ್ಡ ಹುಲ್ಲಿನ ಬಯಲಿನಲ್ಲಿ ಇದನ್ನು ಹುಡುಕಲು ಹೇಳಿ.

ಎಲ್ಲೆಲ್ಲಿ ವಾಸ

ಮರಗಳಿಲ್ಲದ ತೆರೆದ ನೆಲ ಬೇಕು. ಅಷ್ಟೇ ಇದರ ಷರತ್ತು. ಅಲಾಸ್ಕಾದ ಟಂಡ್ರಾ, ಕೆನಡಾದ ಹುಲ್ಲುಗಾವಲು, ದನ ಮೇಯುವ ಕಾವಲು, ಮೇವಿನ ಹೊಲ, ಕಡಲತೀರದ ಉಪ್ಪುಜೌಗು, ಮರಳುದಿಬ್ಬ - ಎಲ್ಲ ಕಡೆ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳು, ಮೆಕ್ಸಿಕೊ, ಮಧ್ಯ ಅಮೆರಿಕದ ಉತ್ತರ ಭಾಗ, ಕ್ಯೂಬಾವರೆಗೂ ಇಳಿಯುತ್ತದೆ. ಬೇಸಿಗೆಯಲ್ಲಿ ಕೀಟಗಳು ಆಹಾರ, ಚಳಿಗಾಲದಲ್ಲಿ ಹುಲ್ಲಿನ ಬೀಜಗಳು.

ಇಷ್ಟು ವಿಶಾಲ ಹರವಿನಲ್ಲಿ ಹಲವು ಉಪಪ್ರಭೇದಗಳಾಗಿರುವುದು ಸಹಜ. ಎರಡನ್ನು ಹೇಳಲೇಬೇಕು. ಕೆನಡಾದ ನೋವಾ ಸ್ಕೋಷಿಯಾದ ಆಚೆ, ಅಟ್ಲಾಂಟಿಕ್ ಸಾಗರದಲ್ಲಿ ಸೇಬಲ್ ಎಂಬ ಮರಳಿನ ದ್ವೀಪವಿದೆ. ಇಪ್ಸ್‌ವಿಚ್ ಗುಬ್ಬಿ ಎಂಬ ದೊಡ್ಡ ಗಾತ್ರದ, ಮರಳಿನ ಬಣ್ಣದ ಉಪಪ್ರಭೇದ ಗೂಡು ಕಟ್ಟುವುದು ಬಹುತೇಕ ಅದೊಂದೇ ದ್ವೀಪದಲ್ಲಿ. 1868ರಲ್ಲಿ ಚಾರ್ಲ್ಸ್ ಮೇನಾರ್ಡ್ ಮ್ಯಾಸಚುಸೆಟ್ಸ್‌ನ ಇಪ್ಸ್‌ವಿಚ್ ತೀರದಲ್ಲಿ ಇದನ್ನು ಮೊದಲು ಪತ್ತೆಹಚ್ಚಿದ. ಅದು ಚಳಿಗಾಲಕ್ಕೆ ಅಲ್ಲಿಗೆ ಬಂದಿದ್ದ ಹಕ್ಕಿ.

ಇನ್ನೊಂದು ದಕ್ಷಿಣ ಕ್ಯಾಲಿಫೋರ್ನಿಯಾದ ಉಪ್ಪುಜೌಗಿನ ಬೆಲ್ಡಿಂಗ್ ಗುಬ್ಬಿ. ಕೆಲವು ಪಟ್ಟಿಗಳಲ್ಲಿ ಇದನ್ನು ಪ್ರತ್ಯೇಕ ಪ್ರಭೇದವೆಂದು ಎಣಿಸಿರುವುದೂ ಉಂಟು. ಇದು ವಲಸೆ ಹೋಗುವುದಿಲ್ಲ, ಸಮುದ್ರದ ನೀರನ್ನೇ ಕುಡಿದು ಬದುಕಬಲ್ಲದು. ಕಡಲಕಾಗೆಗಳಿಗಾದರೆ ಉಪ್ಪನ್ನು ಹೊರಹಾಕಲು ಕಣ್ಣಿನ ಬಳಿ ಗ್ರಂಥಿಗಳಿವೆ. ಹಾಡುಹಕ್ಕಿಗಳಿಗೆ ಆ ಸೌಲಭ್ಯವಿಲ್ಲ. 1962ರಲ್ಲಿ ಪೌಲ್ಸನ್ ಮತ್ತು ಬಾರ್ತೊಲೊಮ್ಯೂ ನಡೆಸಿದ ಅಧ್ಯಯನದಲ್ಲಿ ಈ ಹಕ್ಕಿಯ ಮೂತ್ರಪಿಂಡವೇ ತೀರ ಸಾಂದ್ರವಾದ ಉಪ್ಪುಮೂತ್ರವನ್ನು ತಯಾರಿಸುತ್ತದೆ ಎಂದು ಕಂಡುಬಂತು. ಜೌಗು ತುಂಬಿಸಿ ಬಂದರು, ಬಡಾವಣೆ ಕಟ್ಟಿದ್ದರಿಂದ ಇದರ ನೆಲೆ ಕುಗ್ಗಿತು. 1974ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿತು.

ಗೂಡು, ಕೊಯ್ಲು, ಹಾಡು

ಗೂಡು ನೆಲದ ಮೇಲೆಯೇ. ಒಣಹುಲ್ಲಿನ ಚಾವಣಿಯ ಕೆಳಗೆ ಹೆಣ್ಣುಹಕ್ಕಿ ಬಟ್ಟಲಿನಂಥ ಗೂಡು ನೇಯುತ್ತದೆ. ಎರಡರಿಂದ ಆರು ಮೊಟ್ಟೆ. ಕಾವು ಸುಮಾರು ಹನ್ನೆರಡು ದಿನ. ಮರಿಗಳು ಮತ್ತೆ ಹತ್ತು ದಿನಗಳಲ್ಲಿ ಗೂಡು ಬಿಡುತ್ತವೆ. ಅಂದರೆ ಮೊಟ್ಟೆಯಿಟ್ಟಲ್ಲಿಂದ ಲೆಕ್ಕ ಹಾಕಿದರೆ ಮೂರೂವರೆ ವಾರ ಆ ಹುಲ್ಲು ಅಲುಗಬಾರದು.

ಆದರೆ ಮೇವಿನ ಹೊಲದಲ್ಲಿ ಹುಲ್ಲು ಅಲುಗದಿರುವುದು ಹೇಗೆ? ಅಮೆರಿಕದ ವರ್ಮಾಂಟ್ ರಾಜ್ಯದ ಶಾಂಪ್ಲೇನ್ ಕಣಿವೆ ಹೈನುಗಾರಿಕೆಯ ನಾಡು. ಹುಲ್ಲಿನಲ್ಲಿ ಪ್ರೋಟೀನು ಹೆಚ್ಚಿರುವಾಗಲೇ ಕೊಯ್ಯಬೇಕೆಂದು ರೈತರು ಮೇ ಕೊನೆ, ಜೂನ್ ಮೊದಲಲ್ಲಿಯೇ ಯಂತ್ರ ಇಳಿಸುತ್ತಾರೆ. ನೋವಾ ಪರ್ಲಟ್, ಅಲನ್ ಸ್ಟ್ರಾಂಗ್ ಮತ್ತು ಸಂಗಡಿಗರು ಅಲ್ಲಿ ಲೆಕ್ಕವಿಟ್ಟಾಗ, ಕೊಯ್ಲಾದ ಹೊಲಗಳಲ್ಲಿ ಆ ಹೊತ್ತಿಗೆ ಮೊಟ್ಟೆಮರಿಗಳಿದ್ದ ಸವಾನಾ ಗೂಡುಗಳು ಬಹುತೇಕ ಎಲ್ಲವೂ ನಾಶವಾಗಿದ್ದುವು. ಅದೇ ಹೊಲದ ಬೊಬೊಲಿಂಕ್ ಎಂಬ ಹಕ್ಕಿ ಇಂಥ ಆಘಾತದ ನಂತರ ಹೊಲ ಬಿಟ್ಟುಹೋಗುತ್ತದೆ. ಸವಾನಾ ಗುಬ್ಬಿ ಮಾತ್ರ ಬೋಳು ಹೊಲದಲ್ಲೇ ಉಳಿದು, ಹುಲ್ಲು ಚಿಗುರುತ್ತಿದ್ದಂತೆ ಇನ್ನೊಂದು ಗೂಡು ಹಾಕುತ್ತದೆ. ಎರಡನೆಯ ಕೊಯ್ಲು ಬೇಗ ಬಂದರೆ ಅದೂ ಹೋಯಿತು. ಹಕ್ಕಿ ಕೋಟಿಗಟ್ಟಲೆ ಸಂಖ್ಯೆಯಲ್ಲಿದೆ, ನಿಜ. ಆದರೂ ಅಮೆರಿಕದ ಬಹುಭಾಗದಲ್ಲಿ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದಕ್ಕೆ ಇದೂ ಒಂದು ಕಾರಣ. ರೈತನನ್ನು ದೂರಿ ಪ್ರಯೋಜನವಿಲ್ಲ. ಮೊದಲ ಕೊಯ್ಲನ್ನು ಬೇಗ ಮುಗಿಸಿ ಎರಡನೆಯದನ್ನು ಎರಡು ತಿಂಗಳು ತಡಮಾಡಿದರೆ ಇಬ್ಬರಿಗೂ ಅನುಕೂಲ ಎಂಬ ಸಲಹೆ ಈ ಅಧ್ಯಯನಗಳಿಂದಲೇ ಬಂತು.

ಹಾಡುವುದು ಗಂಡು. ಬೇಲಿಗೂಟದ ಮೇಲೆ ಕೂತು ಎರಡು ಮೂರು ಸಲ ಚಿಪ್ ಎಂದು, ಬಳಿಕ ಕೀಟದ ಝೇಂಕಾರದಂಥ ಸ್ವರ ಎಳೆದು, ತಗ್ಗಿನ ಕಂಪನದಲ್ಲಿ ಮುಗಿಸುತ್ತದೆ. ಸಂಗೀತ ಕಿವಿಯವರಿಗೆ ಇದು ಹಾಡೆನಿಸದು. ಆದರೂ ಈ ಹಾಡಿನ ಮೇಲೆ ಕೆನಡಾದ ಕೆಂಟ್ ದ್ವೀಪದಲ್ಲಿ ನಡೆದ ಕೆಲಸ ಅಪೂರ್ವವಾದುದು. ಅಲ್ಲಿ ಹುಟ್ಟಿದ ಮರಿಗಳು ಮರುವರ್ಷ ಅಲ್ಲಿಗೇ ಮರಳುವುದರಿಂದ, ಕಾಲಿಗೆ ಬಣ್ಣದ ಬಳೆ ತೊಡಿಸಿ ಒಂದೊಂದು ಹಕ್ಕಿಯ ವಂಶಾವಳಿಯನ್ನು ಬರೆದಿಡಬಹುದು. 1980ರಿಂದ 2011ರವರೆಗಿನ ಧ್ವನಿಮುದ್ರಣಗಳನ್ನು ಹೋಲಿಸಿದಾಗ ಹಾಡಿನ ಕೆಲವು ಭಾಗ ಹಾಗೆಯೇ ಉಳಿದು, ಮಧ್ಯಭಾಗ ಬದಲಾಗಿರುವುದು, ಕೊನೆಯ ಕಂಪನದ ಆವೃತ್ತಿ ತಗ್ಗಿರುವುದು ಕಂಡಿತು. ಆಮೇಲೆ ಡ್ಯಾನಿಯಲ್ ಮೆನಿಲ್ ತಂಡ ಆ ದ್ವೀಪದ ಹುಲ್ಲಿನಲ್ಲಿ ಧ್ವನಿವರ್ಧಕಗಳನ್ನಿಟ್ಟು, ಅಲ್ಲಿ ಇಲ್ಲದ ಹಾಡುಗಳನ್ನು ಆರು ವರ್ಷ ಕೇಳಿಸಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ 30 ಹಕ್ಕಿಗಳು ಧ್ವನಿವರ್ಧಕದ ಹಾಡನ್ನು ಕಲಿತಿದ್ದುವು, ಅವುಗಳಿಂದ ಮುಂದಿನ ಪೀಳಿಗೆಯೂ ಕಲಿಯಿತು. ಕಾಡಿನ ಹಕ್ಕಿ ಕೇಳಿ ಕಲಿಯುತ್ತದೆ ಎಂಬುದಕ್ಕೆ ಬಯಲಿನಲ್ಲಿಯೇ ನೇರ ಪ್ರಾಯೋಗಿಕ ಪುರಾವೆ ಹೀಗೆ ಸಿಕ್ಕಿತು.

ಕಾಂತಸೂಚಿಯ ದೋಷ

ಈಗ ಪಯಣದ ಪ್ರಶ್ನೆ. ಹಕ್ಕಿಗಳಿಗೆ ಕಾಂತಕ್ಷೇತ್ರದ ಅರಿವಿದೆ ಎಂದು ಮೊದಲು ತೋರಿಸಿದವರು ಜರ್ಮನಿಯ ಫ್ರಾಂಕ್‌ಫರ್ಟ್‌ನ ಮೆರ್ಕೆಲ್ ಮತ್ತು ವಿಲ್ಶ್ಕೊ. 1960ರ ದಶಕದಲ್ಲಿ, ಯುರೋಪಿನ ರಾಬಿನ್ ಹಕ್ಕಿಯ ಮೇಲೆ. ವಲಸೆಯ ಕಾಲದಲ್ಲಿ ಪಂಜರದ ಹಕ್ಕಿಯೂ ರಾತ್ರಿ ಚಡಪಡಿಸುತ್ತದೆ, ಹೋಗಬೇಕಾದ ದಿಕ್ಕಿಗೇ ಹೆಚ್ಚಾಗಿ ಹಾರಿ ಬೀಳುತ್ತದೆ. ಪಂಜರದ ಸುತ್ತ ಸುರುಳಿಗಳನ್ನಿಟ್ಟು ವಿದ್ಯುತ್ ಹರಿಸಿ ಕಾಂತಕ್ಷೇತ್ರದ ದಿಕ್ಕನ್ನು ತಿರುಗಿಸಿದರೆ ಹಕ್ಕಿಯ ಚಡಪಡಿಕೆಯ ದಿಕ್ಕೂ ತಿರುಗುತ್ತದೆ. ನಮ್ಮ ಪ್ರಯೋಗಾಲಯದ ಹೆಲ್ಮ್‌ಹೋಲ್ಟ್ಸ್ ಸುರುಳಿಗಳ ತತ್ತ್ವವೇ ಇದು. ಭೂಮಿಯ ಕ್ಷೇತ್ರ ಅಲ್ಲಿ ಸುಮಾರು 50 ಮೈಕ್ರೊಟೆಸ್ಲಾ ಅಷ್ಟೇ ಆದ್ದರಿಂದ ದೊಡ್ಡ ವಿದ್ಯುತ್ ಬೇಕಾಗಿಲ್ಲ.

ಚಡಪಡಿಕೆಯನ್ನು ದಾಖಲಿಸುವ ಉಪಾಯ ಎಷ್ಟು ಸರಳ ನೋಡಿ. 1966ರಲ್ಲಿ ಎಮ್ಲೆನ್ ತಂದೆ-ಮಗ ರೂಪಿಸಿದ ಆಲಿಕೆಯಾಕಾರದ ಪಂಜರದ ತಳದಲ್ಲಿ ಶಾಯಿಯ ಪ್ಯಾಡು, ಓರೆ ಗೋಡೆಗೆ ಕಾಗದ. ಹಕ್ಕಿ ಹಾರಿದಾಗಲೆಲ್ಲ ಕಾಲಿನ ಶಾಯಿ ಕಾಗದಕ್ಕೆ ಹತ್ತುತ್ತದೆ. ಬೆಳಗ್ಗೆ ಕಾಗದ ಬಿಡಿಸಿ ಯಾವ ಕಡೆ ಗುರುತು ಹೆಚ್ಚಿದೆ ಎಂದು ನೋಡಿದರಾಯಿತು.

ತೊಡಕಿರುವುದು ಕಾಂತಸೂಚಿಯಲ್ಲಿಯೇ. ಕಾಂತೀಯ ಉತ್ತರಕ್ಕೂ ಭೂಮಿಯ ಆವರ್ತನಾಕ್ಷದ ಉತ್ತರಕ್ಕೂ ನಡುವಿನ ಕೋನವೇ ದಿಕ್ಪಾತ. ಕರ್ನಾಟಕದಲ್ಲಿ ಅದು ಒಂದೆರಡು ಡಿಗ್ರಿ ಮಾತ್ರ. ಹಾಗಾಗಿಯೇ ನಾವು ಅದನ್ನು ಹಗುರಾಗಿ ತೆಗೆದುಕೊಳ್ಳುತ್ತೇವೆ. ಸವಾನಾ ಗುಬ್ಬಿಯ ನಾಡಿನಲ್ಲಿ ಹಾಗಿಲ್ಲ. ಅಲಾಸ್ಕಾದ ಒಳನಾಡಿನಲ್ಲಿ ಅದು ಪೂರ್ವಕ್ಕೆ ಸುಮಾರು 16 ಡಿಗ್ರಿ. ಇನ್ನೊಂದು ತುದಿಯ ನ್ಯೂಫೌಂಡ್‌ಲೆಂಡಿನಲ್ಲಿ ಪಶ್ಚಿಮಕ್ಕೆ ಅಷ್ಟೇ. ದಾರಿಯುದ್ದಕ್ಕೂ 16 ಡಿಗ್ರಿಯ ತಪ್ಪು ಉಳಿದರೆ 3000 ಕಿಲೊಮೀಟರ್ ಹಾರಿದ ಹಕ್ಕಿ ಎಷ್ಟು ಪಕ್ಕಕ್ಕೆ ಸರಿಯುತ್ತದೆ? 3000ವನ್ನು ಸೈನ್ 16ರಿಂದ ಗುಣಿಸಿ: 800 ಕಿಲೊಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ಮುಂಬಯಿಗೆ ಇರುವ ನೇರ ದೂರದಷ್ಟು. ಅಟ್ಲಾಂಟಿಕ್ ತೀರದ ಹಕ್ಕಿ ಅಷ್ಟು ಪೂರ್ವಕ್ಕೆ ಸರಿದರೆ ಇಳಿಯಲು ನೆಲವೇ ಇಲ್ಲ.

ವಿಕಾಸಕ್ರಮದಲ್ಲಿ ಈ ತಿದ್ದುಪಡಿ ಹುಟ್ಟಿನಿಂದಲೇ ಬಂದಿರಬಾರದೇಕೆ ಎಂದು ಕೇಳಬಹುದು. ದಿಕ್ಪಾತ ಸ್ಥಿರವಲ್ಲ. ಲಂಡನ್ನಿನಲ್ಲಿ 1580ರಲ್ಲಿ ಪೂರ್ವಕ್ಕೆ 11 ಡಿಗ್ರಿಯಷ್ಟಿದ್ದುದು 1820ರ ಹೊತ್ತಿಗೆ ಪಶ್ಚಿಮಕ್ಕೆ 24 ಡಿಗ್ರಿಯಾಯಿತು. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದಲ್ಲಿ ಗುರುತಿಸಿದ ಉತ್ತರ ಕಾಂತಧ್ರುವ ಈಗ ಆರ್ಕ್ಟಿಕ್ ಸಾಗರ ದಾಟಿ ಸೈಬೀರಿಯಾದತ್ತ ಸರಿಯುತ್ತಿದೆ. ಎರಡು ನೂರು ವರ್ಷ ಮನುಷ್ಯನಿಗೆ ದೀರ್ಘ, ವಿಕಾಸಕ್ಕೆ ಕ್ಷಣ. ಆದ್ದರಿಂದ ಪ್ರತಿ ಹಕ್ಕಿಯೂ ತನ್ನ ಕಾಂತಸೂಚಿಯನ್ನು ತಾನೇ ಯಾವುದಾದರೊಂದು ಮಾನಕಕ್ಕೆ ಹೋಲಿಸಿ ಸರಿಹೊಂದಿಸಿಕೊಳ್ಳಬೇಕು. ಭೂಮಿಯ ಆವರ್ತನಕ್ಕೆ ಕಟ್ಟುಬಿದ್ದ ಮಾನಕ ಇರುವುದು ಆಕಾಶದಲ್ಲಿ ಮಾತ್ರ.

ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ವಿಶ್ವವಿದ್ಯಾಲಯದಲ್ಲಿ ಕೆನೆತ್ ಏಬಲ್ ಮತ್ತು ಮೇರಿ ಏಬಲ್ ದಂಪತಿ ಸವಾನಾ ಮರಿಗಳನ್ನು ಕೈಯಾರೆ ಸಾಕಿ ಇದನ್ನು ಪರೀಕ್ಷಿಸಿದರು. ಮರಿಗಳಿಗೆ ನಿಜವಾದ ಆಕಾಶ ಕಾಣಬೇಕು, ಆದರೆ ಸುತ್ತಲಿನ ಕಾಂತಕ್ಷೇತ್ರ ಸುರುಳಿಗಳಿಂದ ತಿರುಗಿರಬೇಕು. ವಲಸೆಯ ಕಾಲ ಬಂದಾಗ, ಆಕಾಶ ಕಾಣದ ಕೋಣೆಯಲ್ಲಿ ಕಾಂತಕ್ಷೇತ್ರವೊಂದನ್ನೇ ನಂಬಿದ ಈ ಹಕ್ಕಿಗಳು ತಿರುಗಿಸಿದಷ್ಟೇ ದಿಕ್ಕು ಬದಲಿಸಿದವು. ಆಕಾಶ ಮತ್ತು ಕಾಂತಸೂಚಿ ಜಗಳವಾಡಿದಾಗ ಹಕ್ಕಿ ಆಕಾಶವನ್ನು ನಂಬಿ ಕಾಂತಸೂಚಿಯನ್ನು ತಿದ್ದಿಕೊಂಡಿತ್ತು. ರಾತ್ರಿಯ ನಕ್ಷತ್ರಗಳ ತಿರುಗಾಟ ಸಾಕು, ಹಗಲಿನ ಆಕಾಶವಾದರೂ ಸಾಕು ಎಂದು 1990ರಲ್ಲಿ ಅವರು ವರದಿ ಮಾಡಿದರು. ಹಗಲಿನ ಆಕಾಶದಲ್ಲಿ ಅದು ನೋಡುವುದೇನನ್ನು? 1993ರಲ್ಲಿ ಉತ್ತರ ಸಿಕ್ಕಿತು. ಬೆಳಕಿನ ಧ್ರುವೀಕರಣವನ್ನು ಅಳಿಸುವ ಹಾಳೆಯ ಮೂಲಕ ಆಕಾಶ ನೋಡಿದ ಮರಿಗಳು ಕಾಂತಸೂಚಿಯನ್ನು ತಿದ್ದಿಕೊಳ್ಳಲಿಲ್ಲ.

ಆಕಾಶದ ಪಟ್ಟಿ

ಸೂರ್ಯನ ಬೆಳಕು ಧ್ರುವೀಕೃತವಲ್ಲ. ಗಾಳಿಯ ಅಣುಗಳು ಅದನ್ನು ಚದರಿಸಿದಾಗ, ಸೂರ್ಯನಿಂದ 90 ಡಿಗ್ರಿ ದೂರದಲ್ಲಿರುವ ಆಕಾಶದಿಂದ ಬರುವ ಬೆಳಕು ಅತಿ ಹೆಚ್ಚು ಧ್ರುವೀಕೃತವಾಗಿರುತ್ತದೆ. 1871ರಲ್ಲಿ ರ್‍ಯಾಲೆ ಕೊಟ್ಟ ವಿವರಣೆಯನ್ನು ನೀವು ಪಾಠದಲ್ಲಿ ಹೇಳುತ್ತೀರಿ. ಈ ಬಿಂದುಗಳೆಲ್ಲ ಸೇರಿ ಆಕಾಶದಲ್ಲಿ ಒಂದು ಪಟ್ಟಿ. ತೋರುಬೆರಳನ್ನು ಸೂರ್ಯನತ್ತ ಹಿಡಿದು, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಚಾಚಿ, ಮುಂಗೈಯನ್ನು ತಿರುಗಿಸಿ: ಹೆಬ್ಬೆರಳ ತುದಿ ಎಳೆಯುವ ಗೆರೆಯೇ ಆ ಪಟ್ಟಿ. ಜೇನುಹುಳು ಇದನ್ನು ಕಾಣಬಲ್ಲದು ಎಂದು ಕಾರ್ಲ್ ಫಾನ್ ಫ್ರಿಶ್ 1949ರಲ್ಲೇ ತೋರಿಸಿದ್ದರು. ಮನುಷ್ಯನ ಕಣ್ಣಿಗೆ ಇದು ಹೆಚ್ಚುಕಡಿಮೆ ಕಾಣದು. (ನಮ್ಮ ಸಿ. ವಿ. ರಾಮನ್ 1921ರಲ್ಲಿ ಹಡಗಿನ ಮೇಲಿಂದ ಸಮುದ್ರದ ನೀಲಿಯನ್ನು ಪರೀಕ್ಷಿಸಿದಾಗ ಕೈಯಲ್ಲಿದ್ದುದೂ ಧ್ರುವೀಕೃತ ಬೆಳಕನ್ನು ತಡೆಯುವ ನಿಕೋಲ್ ಪಟ್ಟಕವೇ.)

ಸೂರ್ಯ ಮುಳುಗುವ ಕ್ಷಣದಲ್ಲಿ ಈ ಪಟ್ಟಿ ನೆತ್ತಿಯ ಮೇಲೆ ಹಾದು ದಿಗಂತವನ್ನು ನೆಟ್ಟಗೆ ಮುಟ್ಟುತ್ತದೆ. ಎಲ್ಲಿ ಮುಟ್ಟುತ್ತದೆ? ಸೂರ್ಯ ಮುಳುಗುವ ಜಾಗದಿಂದ 90 ಡಿಗ್ರಿ ಆಚೀಚೆ. ಸೂರ್ಯ ಸರಿಯಾಗಿ ಪಶ್ಚಿಮದಲ್ಲಿ ಮುಳುಗುವುದು ವರ್ಷಕ್ಕೆ ಎರಡೇ ದಿನ. ಉಳಿದಂತೆ ಪಟ್ಟಿಯೂ ಉತ್ತರದಿಂದ ಸರಿದಿರುತ್ತದೆ. ಹಾಗಾದರೆ ಇದರಿಂದ ಉತ್ತರ ಸಿಗುವುದು ಹೇಗೆ?

ಲೆಕ್ಕ ಮಾಡೋಣ. ಉತ್ತರದಿಂದ ಪೂರ್ವದ ಕಡೆಗೆ ಅಳೆಯುವ ಕೋನವನ್ನು ದಿಗಂಶ ಎನ್ನುತ್ತೇವೆ. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆಗಸ್ಟ್ 20ರ ಸುಮಾರಿಗೆ ಸೂರ್ಯ ಹುಟ್ಟುವುದು ದಿಗಂಶ 64ರಲ್ಲಿ, ಮುಳುಗುವುದು 296ರಲ್ಲಿ. ಬೆಳಗ್ಗೆ ಪಟ್ಟಿಯ ಉತ್ತರದ ತುದಿ 64ರಿಂದ 90 ಕಳೆದರೆ ಉತ್ತರದಿಂದ 26 ಡಿಗ್ರಿ ಪಶ್ಚಿಮಕ್ಕೆ. ಸಂಜೆ 296ಕ್ಕೆ 90 ಕೂಡಿಸಿ 360 ಕಳೆದರೆ ಉತ್ತರದಿಂದ 26 ಡಿಗ್ರಿ ಪೂರ್ವಕ್ಕೆ. ಎರಡರ ನಡುಬಿಂದು ಸೊನ್ನೆ: ನಿಜವಾದ ಉತ್ತರ! ಬೆಂಗಳೂರಿನಲ್ಲಿ ಡಿಸೆಂಬರ್ 21ರಂದು ಸೂರ್ಯ ಹುಟ್ಟುವುದು 114ರಲ್ಲಿ, ಮುಳುಗುವುದು 246ರಲ್ಲಿ. ಪಟ್ಟಿಯ ತುದಿಗಳು 24 ಡಿಗ್ರಿ ಪೂರ್ವಕ್ಕೆ, 24 ಡಿಗ್ರಿ ಪಶ್ಚಿಮಕ್ಕೆ. ನಡುಬಿಂದು ಮತ್ತೆ ಉತ್ತರವೇ. ಅಕ್ಷಾಂಶ ಯಾವುದಾದರೂ, ಋತು ಯಾವುದಾದರೂ, ಬೆಳಗಿನ ಮತ್ತು ಸಂಜೆಯ ಪಟ್ಟಿಗಳ ಸರಾಸರಿ ತೆಗೆದರೆ ಸಾಕು. ಪಂಚಾಂಗ ಬೇಡ, ಗಡಿಯಾರವೂ ಬೇಡ.

2006ರಲ್ಲಿ ರಾಚೆಲ್ ಮ್ಯೂಹೈಮ್, ಜಾನ್ ಫಿಲಿಪ್ಸ್ ಮತ್ತು ಸುಸಾನ್ ಓಕೆಸನ್ ಮುಂದಿಟ್ಟ ವಾದವೇ ಇದು. ಅಲಾಸ್ಕಾದಲ್ಲಿ ಶರತ್ಕಾಲದ ವಲಸೆಗೆ ಸಜ್ಜಾಗಿದ್ದ ಸವಾನಾ ಗುಬ್ಬಿಗಳನ್ನು ಹಿಡಿದು, ಧ್ರುವೀಕರಣದ ದಿಕ್ಕನ್ನು 90 ಡಿಗ್ರಿ ತಿರುಗಿಸುವ ಹಾಳೆಗಳಿದ್ದ ಪಂಜರದಿಂದ ಸೂರ್ಯೋದಯ ಅಥವಾ ಸೂರ್ಯಾಸ್ತವನ್ನು ತೋರಿಸಿದರು. ಕಾಂತಕ್ಷೇತ್ರವನ್ನು ಮುಟ್ಟಲಿಲ್ಲ. ಆಮೇಲೆ ಮುಚ್ಚಿದ ಆಲಿಕೆಯಲ್ಲಿಟ್ಟಾಗ ಹಕ್ಕಿಗಳ ದಿಕ್ಕು ಅಷ್ಟೇ ತಿರುಗಿತ್ತು. ಮುಖ್ಯವಾದುದು ದಿಗಂತದ ಬಳಿಯ ಆಕಾಶ ಎಂದೂ, ಹಿಂದಿನ ಕೆಲವು ಪ್ರಯೋಗಗಳಲ್ಲಿ ಪಂಜರದ ಅಂಚು ಅದನ್ನು ಮರೆಮಾಡಿದ್ದರಿಂದ ತಿದ್ದುಪಡಿ ಕಂಡಿಲ್ಲವೆಂದೂ ಅವರು ವಾದಿಸಿದರು.

ವಿಷಯ ಇಲ್ಲಿಗೇ ಇತ್ಯರ್ಥವಾಗಲಿಲ್ಲ, ಅದನ್ನು ತರಗತಿಯಲ್ಲಿ ಮರೆಮಾಚಬಾರದು. 2004ರಲ್ಲಿ ಕಾಕ್ರನ್, ಮೌರಿಟ್ಸನ್, ವಿಕೆಲ್ಸ್ಕಿ ಅಮೆರಿಕದ ಥ್ರಶ್ ಹಕ್ಕಿಗಳಿಗೆ ಪುಟ್ಟ ರೇಡಿಯೊ ಕಟ್ಟಿ, ಮುಸ್ಸಂಜೆಯಲ್ಲಿ ತಿರುಗಿಸಿದ ಕಾಂತಕ್ಷೇತ್ರದಲ್ಲಿಟ್ಟು ಬಿಟ್ಟು, ರಾತ್ರಿಯೆಲ್ಲ ವಾಹನದಲ್ಲಿ ಹಿಂಬಾಲಿಸಿದರು. ಮೊದಲ ರಾತ್ರಿ ತಪ್ಪು ದಿಕ್ಕಿಗೆ ಹಾರಿದ ಹಕ್ಕಿಗಳು ಮರುಸಂಜೆ ಆಕಾಶ ನೋಡಿ ಸರಿದಾರಿಗೆ ಬಂದವು. ಆದರೆ 2011ರಲ್ಲಿ ಚೆರ್ನೆಟ್ಸೊವ್ ಮತ್ತು ಸಂಗಡಿಗರು ಇದೇ ವಿಧಾನದಿಂದ ಯುರೋಪಿನ ಸಾಂಗ್ ಥ್ರಶ್ ಹಕ್ಕಿಗಳನ್ನು ಪರೀಕ್ಷಿಸಿದಾಗ ಅವು ತಪ್ಪು ದಾರಿ ಹಿಡಿಯಲೇ ಇಲ್ಲ. ಪ್ರಭೇದಗಳ ನಡುವಿನ ವ್ಯತ್ಯಾಸವೋ, ದಾರಿಗಳ ವ್ಯತ್ಯಾಸವೋ ಎಂಬ ಚರ್ಚೆ ನಡೆದಿದೆ. ದಿಕ್ಪಾತ ಹೆಚ್ಚು ಬದಲಾಗುವ ಉತ್ತರ ಅಮೆರಿಕದ ಹಕ್ಕಿಗೆ ಪದೇ ಪದೇ ತಿದ್ದಿಕೊಳ್ಳುವ ಅಗತ್ಯ ಹೆಚ್ಚು ಎಂಬುದು ನನಗೆ ಒಪ್ಪಿಗೆಯಾಗುವ ವಿವರಣೆ. ಹಕ್ಕಿಯ ಕಣ್ಣಿನ ಯಾವ ಕೋಶ ಧ್ರುವೀಕರಣವನ್ನು ಗ್ರಹಿಸುತ್ತದೆ ಎಂಬುದಂತೂ ಇನ್ನೂ ಪತ್ತೆಯಾಗಬೇಕಾದ ಸಂಗತಿ.

ಪಟ್ಟಿಯನ್ನು ನೀವು ವಿದ್ಯಾರ್ಥಿಗಳಿಗೆ ತೋರಿಸಬಹುದು. ಕೆಟ್ಟುಹೋದ ಕ್ಯಾಲ್ಕುಲೇಟರಿನ ಪರದೆಯ ಮೇಲಿನ ಪೊಲರಾಯ್ಡ್ ಹಾಳೆಯನ್ನು ಜೋಪಾನವಾಗಿ ಬಿಡಿಸಿಕೊಳ್ಳಿ. ಮಳೆ ಕಳೆದು ಆಕಾಶ ತೊಳೆದಂತಿರುವ ನವೆಂಬರ್, ಡಿಸೆಂಬರಿನ ಸಂಜೆ, ಸೂರ್ಯ ಮುಳುಗಿದ ಕೂಡಲೇ ನೆತ್ತಿಯ ಆಕಾಶವನ್ನು ಅದರ ಮೂಲಕ ನೋಡುತ್ತ ಹಾಳೆಯನ್ನು ತಿರುಗಿಸಿ. ಒಂದು ಸ್ಥಾನದಲ್ಲಿ ಆಕಾಶ ಕಪ್ಪಾಗುತ್ತದೆ, ಅಲ್ಲಿಂದ ಹತ್ತು ಹದಿನೈದು ನಿಮಿಷ ಪಟ್ಟಿಯನ್ನು ಎರಡೂ ದಿಗಂತಗಳವರೆಗೆ ಅನುಸರಿಸಬಹುದು. ಹಾಳೆಯ ಮೂಲಕ ಸೂರ್ಯನನ್ನು ನೋಡಕೂಡದು. ಬೆಳಗ್ಗೆಯೂ ಇದನ್ನೇ ಮಾಡಿ, ಪಟ್ಟಿ ಮುಟ್ಟಿದ ಜಾಗಗಳನ್ನು ದೂರದ ಮರ, ಕಂಬಗಳಿಂದ ಗುರುತಿಟ್ಟು ನಡುಬಿಂದು ತೆಗೆಯಿರಿ. ಪಟ್ಟಿ ಅಗಲವಾದುದರಿಂದ ಐದಾರು ಡಿಗ್ರಿಯ ತಪ್ಪು ಸಾಮಾನ್ಯ. ಕರ್ನಾಟಕದ ಒಂದೆರಡು ಡಿಗ್ರಿಯ ದಿಕ್ಪಾತವನ್ನು ಇದರಿಂದ ಅಳೆಯಲಾಗದು. ಅದಕ್ಕೆ ಅಂಗಳದಲ್ಲಿ ನೆಟ್ಟ ಕೋಲಿನ ನೆರಳೇ ಉತ್ತಮ ಸಾಧನ. ದೂಳು ಅಥವಾ ಹೊಗೆಮಂಜು ಇದ್ದ ದಿನ ಪಟ್ಟಿ ಮಸುಕಾಗುತ್ತದೆ, ದಟ್ಟ ಮೋಡವಿದ್ದರೆ ಕಾಣುವುದೇ ಇಲ್ಲ.